ಹಗಲು ಚಂದ್ರ

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ದಿನಗಳಲ್ಲಿ ನಾಡುನುಡಿಯ ಬಗೆಗೋ ಸಾಹಿತ್ಯದ ಬಗೆಗೋ ಮಾತನಾಡುವುದು ನಮ್ಮಲ್ಲಿ ವಾಡಿಕೆ. ನನ್ನನ್ನು ಕರೆಯಲು ಮನೆಗೆ ಬಂದ ಕಾರ್ಯದರ್ಶಿಗಳ ಮನಸ್ಸಿನಲ್ಲಿದ್ದದ್ದೂ ಅಂಥದೇ ಒಂದು ವಿಷಯ. "ಹಗಲು ಹೊತ್ತು ಚಂದ್ರ ಏಕೆ ಕಾಣುತ್ತಾನೆ ಎಂಬುದನ್ನು ಹೇಳುತ್ತೇನೆ" ಎಂದು ನಾನೆಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಕ್ಕಳ ವಿಭಾಗದಲ್ಲಿ ಇಟ್ಟುಕೊಳ್ಳೋಣವೇ ಸಾರ್?" ಎಂದರು. ಬೇಡ, ದೊಡ್ಡವರಿಗೇ ಹೇಳಬೇಕಾಗಿದೆ ಎಂದೆ. ಈ ಒಂದು ವಿಷಯದಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚಾಗಿ ತಪ್ಪುತ್ತಾರೆ. ತಪ್ಪಿದವರ ಪೈಕಿ ಈಗ ತಮ್ಮೆದುರು ನಿಂತವನೂ ಒಬ್ಬ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

1968ರ ಸುಮಾರಿಗೆ ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಕಚೇರಿ ಮುಗಿದ ಮೇಲೆ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮುಂಬಯಿಯ ರಾತ್ರಿ ಶಾಲೆಗಳ ಮಾತು ಈ ಸಭೆಗೆ ಹೊಸದಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಹಿರಿಯರು ಅವುಗಳಲ್ಲೇ ಅಕ್ಷರ ಕಲಿತು ಮುಂದೆ ಬಂದವರು. ನಮ್ಮ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಹೋಟೆಲ್ ಮಾಣಿಗಳು, ಕ್ಯಾಂಟೀನು ಹುಡುಗರು. ಬೆಳಗಿನ ಐದಕ್ಕೆ ಎದ್ದು ದುಡಿದು, ರಾತ್ರಿ ಎಂಟಕ್ಕೆ ಪಾಟಿಪುಸ್ತಕ ಹಿಡಿದು ಬರುವ ಮಕ್ಕಳು. ಪಾಠದ ನಡುವೆ ತೂಕಡಿಸುವವರನ್ನು ನಾವು ಗದರಿಸುತ್ತಿರಲಿಲ್ಲ.

ಒಂದು ದಿನ ಸೂರ್ಯ ಚಂದ್ರರ ಪಾಠ. ಹಗಲಿಗೆ ಸೂರ್ಯ, ರಾತ್ರಿಗೆ ಚಂದ್ರ ಎಂದು ಹಲಗೆಯ ಮೇಲೆ ಎರಡು ಚಿತ್ರ ಬರೆದು ತೋರಿಸಿದೆ. ಹಿಂದಿನ ಬೆಂಚಿನಿಂದ, ಉಡುಪಿಯ ಕಡೆಯಿಂದ ಬಂದಿದ್ದ ಹನ್ನೆರಡು ಹದಿಮೂರರ ಹುಡುಗನೊಬ್ಬ ಎದ್ದುನಿಂತು, "ಹಗಲೂ ಇರ್ತಾನೆ ಮಾಷ್ಟ್ರೆ" ಎಂದ.

"ಎಲ್ಲಿ ಕಂಡೆ?"

"ಬೆಳಿಗ್ಗೆ ಹೋಟೆಲಿನ ಮೆಟ್ಟಿಲು ತೊಳೆಯುವಾಗ. ದಿನಾ ಅಲ್ಲ, ಕೆಲವು ದಿನ. ಎಂಟು ಗಂಟೆಗೂ ಇರ್ತಾನೆ."

ನಾನು ನಕ್ಕು, "ಅದು ನಿನ್ನ ನಿದ್ದೆಗಣ್ಣಿನ ಚಂದ್ರ, ಕೂತುಕೋ" ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ಕುಳಿತ. ಆಮೇಲೆ ಅವನು ನನ್ನ ತರಗತಿಯಲ್ಲಿ ಯಾವುದಕ್ಕೂ ಎದ್ದುನಿಲ್ಲಲಿಲ್ಲ.

ಹದಿನೈದು ದಿನವೋ ಮೂರು ವಾರವೋ ಕಳೆದಿರಬೇಕು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಾಟುಂಗಾ ರೋಡ್ ಸ್ಟೇಷನಿನಲ್ಲಿ ಚರ್ಚ್‌ಗೇಟ್ ಗಾಡಿಗೆ ಕಾಯುತ್ತ ನಿಂತಿದ್ದೆ. ಗಾಡಿ ತಡವಾಗಿತ್ತು. ಸುಮ್ಮನೆ ಪಶ್ಚಿಮದ ಕಡೆ ತಲೆಯೆತ್ತಿದರೆ, ಕಟ್ಟಡಗಳ ಮೇಲೆ, ನೀಲಿ ಆಕಾಶದಲ್ಲಿ, ಒಗೆದು ಒಣಹಾಕಿದ ಬಟ್ಟೆಯ ತುಂಡಿನಂತೆ ಅರ್ಧ ಚಂದ್ರ! ಮೂವತ್ತು ವರ್ಷದ ಬಾಳಿನಲ್ಲಿ ಅದಕ್ಕೆ ಮುಂಚೆ ನಾನು ಅದನ್ನು ಕಂಡಿರಲಿಲ್ಲವೆಂದಲ್ಲ; ಕಂಡಿದ್ದೇ ಇರಬೇಕು. ಕಂಡದ್ದು ಮನಸ್ಸಿಗೆ ಇಳಿದಿರಲಿಲ್ಲ, ಅಷ್ಟೇ. ಪುಸ್ತಕದ ಚಿತ್ರ ಕಣ್ಣಿಗಿಂತ ಮುಂದೆ ನಿಂತಿತ್ತು.

ಅಂದೇ ರಾತ್ರಿ ತರಗತಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹೇಳೋಣ, ಬರುವ ವಾರ ಹೇಳೋಣ ಎಂದು ತಳ್ಳುತ್ತ ಬಂದೆ, ಮಾಸ್ತರಿಕೆಯ ಬಿಗುಮಾನ. ದೀಪಾವಳಿ ರಜೆ ಕಳೆದು ಶಾಲೆ ತೆರೆದಾಗ ಹುಡುಗ ಬರಲಿಲ್ಲ. ಸೊಲ್ಲಾಪುರದ ಕಡೆ ಬೇರೆ ಹೋಟೆಲಿಗೆ ಹೋದನೆಂದು ಅವನ ಜೊತೆಯವರು ತಿಳಿಸಿದರು. ಅವನಿಗೆ ಹೇಳಬೇಕಾಗಿದ್ದ ಪಾಠವನ್ನು ಇಂದು ತಮಗೆ ಹೇಳುತ್ತಿದ್ದೇನೆ.

ಮೊದಲು ಲೆಕ್ಕದ ಮಾತು. ಚಂದ್ರ ರಾತ್ರಿಯ ಒಡೆಯನೆಂಬುದು ಕವಿಗಳು ಕೊಟ್ಟ ಬಿರುದು, ಅವನ ದಿನಚರಿಯಲ್ಲ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವನು ತನ್ನ ದಾರಿಯಲ್ಲಿ ಪೂರ್ವಕ್ಕೆ ಸ್ವಲ್ಪ ಸರಿದಿರುತ್ತಾನೆ. ಅವನನ್ನು ಮತ್ತೆ ಕಾಣಲು ಭೂಮಿ ಇನ್ನಷ್ಟು ತಿರುಗಬೇಕು. ಆದ್ದರಿಂದಲೇ ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಂದು ಸೂರ್ಯನೊಡನೆ ಮೂಡಿ ಸೂರ್ಯನೊಡನೆ ಮುಳುಗುವವನು ಶುಕ್ಲ ಅಷ್ಟಮಿಗೆ ನಡುಹಗಲಿನಲ್ಲಿ ಮೂಡುತ್ತಾನೆ. ಹುಣ್ಣಿಮೆಗೆ ಸೂರ್ಯಾಸ್ತದ ಹೊತ್ತಿಗೆ. ಕೃಷ್ಣ ಅಷ್ಟಮಿಗೆ ನಡುರಾತ್ರಿ ಮೂಡಿ ಮರುದಿನ ನಡುಹಗಲಿಗೆ ಮುಳುಗುತ್ತಾನೆ. ಇಡೀ ತಿಂಗಳನ್ನು ಕೂಡಿಸಿ ನೋಡಿದರೆ ಅವನು ಆಕಾಶದಲ್ಲಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ಹಗಲಿಗೆ ಸೇರಿದ್ದು, ಅರ್ಧ ರಾತ್ರಿಗೆ ಸೇರಿದ್ದು. ಅಮಾವಾಸ್ಯೆಯ ಆಚೀಚೆಯ ಎರಡು ಮೂರು ದಿನ ಸೂರ್ಯನ ಪ್ರಭೆಯಲ್ಲಿ ಅಡಗಿರುತ್ತಾನೆ. ಹುಣ್ಣಿಮೆಯಂದು ಹಗಲಿನ ಪಾಳಿಯೇ ಇಲ್ಲ. ಉಳಿದ ದಿನಗಳಲ್ಲೆಲ್ಲ ಬೆಳಿಗ್ಗೆಯೋ ಸಂಜೆಯ ಮುನ್ನವೋ ಬಿಸಿಲಿನಲ್ಲಿ ಅವನನ್ನು ನೋಡಬಹುದು.

ಇದಕ್ಕೆ ಖಗೋಳಶಾಸ್ತ್ರದ ದೊಡ್ಡ ಗ್ರಂಥವೇನೂ ಬೇಡ. ಗೋಡೆಯ ಮೇಲೆ ತೂಗುವ ಪಂಚಾಂಗ ಸಾಕು. ತಿಥಿಯೆಂದರೆ ಮತ್ತೇನು? ಸೂರ್ಯನಿಗೂ ಚಂದ್ರನಿಗೂ ನಡುವಿನ ಅಂತರ 12 ಅಂಶ ಹೆಚ್ಚಿದರೆ ಒಂದು ತಿಥಿ. 30 ತಿಥಿಗೆ 360 ಅಂಶದ ಸುತ್ತು ಪೂರ್ತಿ. 24 ಗಂಟೆಯನ್ನು 30ರಿಂದ ಭಾಗಿಸಿದರೆ 48 ನಿಮಿಷ. ಅಮಾವಾಸ್ಯೆಯಿಂದ ಎಷ್ಟು ತಿಥಿ ಕಳೆದಿದೆಯೋ ಅಷ್ಟು 48 ನಿಮಿಷ ಸೂರ್ಯನ ಹಿಂದೆ ಚಂದ್ರ ನಡೆಯುತ್ತಿದ್ದಾನೆ ಎಂದು ತಿಳಿಯಿರಿ. ಅಷ್ಟಮಿಯ ಮಧ್ಯಕ್ಕೆ ಏಳೂವರೆ ತಿಥಿ ಕಳೆದಿರುತ್ತದೆ. ಏಳೂವರೆ 48 ಅಂದರೆ 360 ನಿಮಿಷ, ಆರು ಗಂಟೆ. ಋತುಮಾನಕ್ಕೆ ತಕ್ಕಂತೆ ಒಂದಿಷ್ಟು ಹೆಚ್ಚುಕಡಿಮೆಯಾದೀತು. ಸ್ಥೂಲವಾದ ಲೆಕ್ಕ ಇದೇ. ನಮ್ಮ ಭಾಷೆಯಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ಒಂದೇ ಶಬ್ದದಲ್ಲಿ ಗಡಿಯಾರವನ್ನೂ ಅದರ ಮುಳ್ಳನ್ನೂ ಇಟ್ಟ ಜನ ನಾವು.

ಇಲ್ಲಿ ಗಣೇಶ ಚೌತಿಯ ಮಾತು ಬರುತ್ತದೆ. ಭಾದ್ರಪದ ಶುಕ್ಲ ಚೌತಿಯ ಚಂದ್ರನನ್ನು ನೋಡಬಾರದು, ನೋಡಿದರೆ ಶಮಂತಕಮಣಿಯ ಪ್ರಸಂಗದಲ್ಲಿ ಕೃಷ್ಣನಿಗೆ ಬಂದಂತೆ ಸುಳ್ಳು ಅಪವಾದ ಬರುತ್ತದೆಂದು ನಮ್ಮ ತಾಯಂದಿರು ಸಂಜೆಯಾಗುತ್ತಲೇ ಕಿಟಕಿ ಮುಚ್ಚುತ್ತಿದ್ದರು. ಆದರೆ ಆ ದಿನ ಚಂದ್ರ ಬೆಳಿಗ್ಗೆ ಒಂಬತ್ತರ ಸುಮಾರಿಗೇ ಮೂಡಿರುತ್ತಾನೆ! ನಾವು ಗಣಪತಿಯನ್ನು ಮನೆಗೆ ತರುವಾಗ, ಮಂಗಳಾರತಿ ಎತ್ತುವಾಗ, ಮೋದಕ ತಿನ್ನುವಾಗ ಅವನು ಮೇಲೆಯೇ ಇರುತ್ತಾನೆ. ತೆಳ್ಳನೆಯ ಕಲೆ, ಸೂರ್ಯನಿಗೆ ಸಮೀಪ, ಮೇಲಾಗಿ ಮುಂಬಯಿಯ ಮಳೆಗಾಲದ ಮೋಡ. ಹಗಲಿನಲ್ಲಿ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಪಂಚಾಂಗ ಗಣಿಸುವವರಿಗೆ ಇದು ಚೆನ್ನಾಗಿ ಗೊತ್ತು. ಚಂದ್ರದರ್ಶನ ವರ್ಜ್ಯವಾದ ಕಾಲವನ್ನು ಬೆಳಗಿನಿಂದಲೇ ಬರೆಯುವ ಪಂಚಾಂಗಗಳೂ ಉಂಟು. ಭರ್ತೃಹರಿಯಂತೂ ನೀತಿಶತಕದಲ್ಲಿ ತನ್ನ ಮನಸ್ಸನ್ನು ಚುಚ್ಚುವ ಏಳು ಮುಳ್ಳುಗಳನ್ನು ಎಣಿಸುವಾಗ ಹಗಲಿನಲ್ಲಿ ಮಾಸಿದ ಚಂದ್ರನನ್ನೇ ಮೊದಲನೆಯದಾಗಿ ಇಟ್ಟಿದ್ದಾನೆ. ಮುಳ್ಳಾದರೂ ಆಗಲಿ, ಅವನು ನೋಡಿದ್ದನಲ್ಲ!

ಚಂದ್ರ ಹಗಲಿನಲ್ಲಿ ಆಕಾಶದಲ್ಲಿ ಇರುತ್ತಾನೆ, ಸರಿ. ನಕ್ಷತ್ರಗಳೂ ಇರುತ್ತವೆ. ಅವು ಕಾಣುವುದಿಲ್ಲ, ಇವನು ಕಾಣುತ್ತಾನೆ. ಏಕೆ?

ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಸೂರ್ಯನ ಬೆಳಕನ್ನು ಹಿಂದಿರುಗಿಸುವುದರಲ್ಲಿಯೂ ಅವನು ಜಿಪುಣ. ಬಿದ್ದ ಬೆಳಕಿನಲ್ಲಿ ನೂರಕ್ಕೆ 12 ಪಾಲನ್ನು ಮಾತ್ರ ಹಿಂದಕ್ಕೆ ಕೊಡುತ್ತಾನೆ. ಹಾಲಿನಂಥ ಚಂದ್ರ ಎನ್ನುತ್ತೇವೆ. ವಾಸ್ತವದಲ್ಲಿ ಅವನ ಮಣ್ಣಿನ ಬಣ್ಣ ನಮ್ಮ ಹಳೆಯ ಡಾಂಬರು ರಸ್ತೆಯದು. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಾಲು ಪ್ರಕಾಶಮಾನ. ಅರ್ಧಚಂದ್ರನೆಂದರೆ ಹುಣ್ಣಿಮೆಯ ಅರ್ಧ ಬೆಳಕೆಂದೂ ಭಾವಿಸಬೇಡಿ, ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಅಲ್ಲಿಯ ಗುಡ್ಡ ಕುಳಿಗಳ ನೆರಳೆಲ್ಲ ನಮ್ಮ ಕಡೆಗೆ ಕಾಣುವುದರಿಂದ ಹಾಗಾಗುತ್ತದೆ.

ಇಂಥ ಬಡಪಾಯಿ ಬೆಳಕು ಹಗಲಿನ ಆಕಾಶದೆದುರು ಹೇಗೆ ನಿಂತೀತು? ಗುಟ್ಟು ಇಷ್ಟೇ: ಅದು ಎದುರು ನಿಲ್ಲುವುದಿಲ್ಲ, ಕೂಡಿಕೊಳ್ಳುತ್ತದೆ. ನೀಲಿ ಆಕಾಶವೆಂಬುದು ಚಂದ್ರನ ಹಿಂದೆ ಹರವಿದ ಬಟ್ಟೆಯಲ್ಲ. ಅದು ನಮಗೂ ಚಂದ್ರನಿಗೂ ನಡುವೆ, ನಮ್ಮ ತಲೆಯ ಮೇಲಿರುವ ಗಾಳಿ. ಬಿಸಿಲು ಬಿದ್ದ ಸೊಳ್ಳೆಪರದೆಯನ್ನು ನೆನೆಸಿಕೊಳ್ಳಿ. ಪರದೆಯೇ ಬೆಳ್ಳಗೆ ಹೊಳೆಯುತ್ತದೆ. ಅದರ ಹಿಂದೆ ಒಂದು ದೀಪವಿಟ್ಟರೆ ಆ ಜಾಗದಲ್ಲಿ ಪರದೆಯ ಬೆಳಕೂ ದೀಪದ ಬೆಳಕೂ ಕೂಡಿ ಒಂದಿಷ್ಟು ಹೆಚ್ಚು ಬೆಳ್ಳಗೆ ಕಾಣುತ್ತದೆ. ಹಗಲು ಚಂದ್ರ ಅಂಥ ದೀಪ. ಅವನಿಗೆ ಅಗಲವಿದೆ, 3,474 ಕಿಲೋಮೀಟರ್ ವ್ಯಾಸದ ಗೋಳ 3,84,400 ಕಿಲೋಮೀಟರ್ ದೂರದಿಂದ ಅರ್ಧ ಅಂಶದಷ್ಟು ಜಾಗವನ್ನು ತುಂಬುತ್ತದೆ, ಕಣ್ಣು ಆ ವ್ಯತ್ಯಾಸವನ್ನು ಹಿಡಿಯುತ್ತದೆ. ನಕ್ಷತ್ರ ಬರಿಯ ಚುಕ್ಕೆ. ಅದು ಕೂಡಿಸುವ ಬೆಳಕು ಲೆಕ್ಕಕ್ಕೆ ಬಾರದು. ಚುಕ್ಕೆಗಳಲ್ಲಿ ಶುಕ್ರ ಗ್ರಹವೊಂದೇ, ಎಲ್ಲಿದೆಯೆಂದು ಖಚಿತವಾಗಿ ಗೊತ್ತಿದ್ದವನಿಗೆ, ಹಗಲಿನಲ್ಲೂ ಬರಿಗಣ್ಣಿಗೆ ಸಿಕ್ಕುವಷ್ಟು ಪ್ರಖರ.

ಇದು ನಿಜವೇ ಎಂದು ಪರೀಕ್ಷಿಸುವುದು ಸುಲಭ. ಹಗಲಿನ ಅರ್ಧಚಂದ್ರನ ಕತ್ತಲೆಯ ಭಾಗವನ್ನು ನೋಡಿ. ಅದು ಕಪ್ಪಗಿರುವುದಿಲ್ಲ, ಸುತ್ತಲಿನ ಆಕಾಶದಷ್ಟೇ ನೀಲಿ. ಚಂದ್ರನ ಮೈಯ ಕಲೆಗಳೂ ರಾತ್ರಿ ಬೂದಿ ಬಣ್ಣವಾಗಿ ಕಂಡವು ಹಗಲು ತಿಳಿನೀಲಿಯಾಗಿ ಕಾಣುತ್ತವೆ. ಅಲ್ಲಿ ತಾವು ನೋಡುತ್ತಿರುವುದು ಚಂದ್ರನ ಮುಂದಿರುವ ನಮ್ಮ ಗಾಳಿಯನ್ನು.

ಗಾಳಿ ನೀಲಿಯಾಗುವುದು ಹೇಗೆ? ಮುಂದೆ ಲಾರ್ಡ್ ರೇಲೀ ಎಂದು ಹೆಸರಾದ ಇಂಗ್ಲಿಷ್ ವಿಜ್ಞಾನಿ 1871ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬೆಳಕಿನ ಅಲೆಗಿಂತ ಬಹಳ ಸಣ್ಣದಾದ ಕಣಗಳು ಕೆಂಪು ಬೆಳಕಿಗಿಂತ ನೀಲಿಯನ್ನು ನಾಲ್ಕು ಪಾಲಿಗೂ ಹೆಚ್ಚಾಗಿ ಚೆದರಿಸುತ್ತವೆ. ಚೆದರಿದ ಆ ನೀಲಿ ಎಲ್ಲ ಕಡೆಯಿಂದ ನಮ್ಮ ಕಣ್ಣಿಗೆ ಬರುತ್ತದೆ. ಈ ಕಥೆಯ ಒಂದು ಅಧ್ಯಾಯ ನಮ್ಮ ಮುಂಬಯಿಯ ಬಂದರಿನಲ್ಲೇ ನಡೆಯಿತು. ಅದನ್ನು ಹೇಳದೆ ಮುಂದೆ ಹೋಗಲಾರೆ. 1921ರಲ್ಲಿ ಸಿ. ವಿ. ರಾಮನ್ನರು ಯುರೋಪಿಗೆ ಹೋಗಿ 'ನರ್ಕುಂಡಾ' ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂಬುದು ರೇಲೀಯವರ ಮತವಾಗಿತ್ತು. ರಾಮನ್ನರು ನಿಕೋಲ್ ಎಂಬ ಸ್ಫಟಿಕದ ಪಟ್ಟಕವನ್ನು ಕಣ್ಣಿಗೆ ಹಿಡಿದು, ಅಲೆಯ ಮೇಲಿನ ಪ್ರತಿಬಿಂಬವನ್ನು ಅಳಿಸಿ ನೋಡಿದರು. ಸಮುದ್ರ ಇನ್ನೂ ನೀಲಿಯಾಗಿಯೇ ಇತ್ತು! ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆ ಎಂದು ತೋರಿಸಿ 'ನೇಚರ್' ಪತ್ರಿಕೆಗೆ ಒಂದು ಪತ್ರ ಬರೆದರು. ಆ ಪತ್ರದ ಮೇಲಿನ ವಿಳಾಸ ಬೊಂಬಾಯಿ ಬಂದರು. ತಾರೀಖು 1921ರ ಸೆಪ್ಟೆಂಬರ್ 26. ಅದೇ ದಾರಿ ಹಿಡಿದು 1928ರ ಶೋಧ, 1930ರ ನೊಬೆಲ್ ಪಾರಿತೋಷಕ. 1933ರಿಂದ ಕೊನೆಯವರೆಗೆ ಅವರು ಬೆಂಗಳೂರಿನವರಾಗಿ ಬಾಳಿದ್ದು ನಮಗೆಲ್ಲ ಹೆಮ್ಮೆಯ ಮಾತು. ಬಲಾರ್ಡ್ ಪಿಯರಿನ ಕಡೆ ಹೋದಾಗಲೆಲ್ಲ ನನಗೆ ಆ ಪತ್ರದ ನೆನಪಾಗುತ್ತದೆ.

ರಾಮನ್ನರ ಆ ಉಪಾಯವನ್ನು ತಾವೂ ಚಂದ್ರನ ಮೇಲೆ ಮಾಡಿ ನೋಡಬಹುದು. ನಿಕೋಲ್ ಪಟ್ಟಕ ಬೇಡ; ಪೋಲರಾಯ್ಡ್ ತಂಪು ಕನ್ನಡಕ ಸಾಕು. ಸೂರ್ಯನಿಂದ 90 ಅಂಶ ದೂರದ ಆಕಾಶದಿಂದ ಬರುವ ಬೆಳಕಿನ ಕಂಪನ ಬಹುಮಟ್ಟಿಗೆ ಒಂದೇ ದಿಕ್ಕಿನದು. ಅರ್ಧಚಂದ್ರನಿರುವುದೂ ಸೂರ್ಯನಿಂದ ಸರಿಯಾಗಿ 90 ಅಂಶ ದೂರದಲ್ಲಿ. ಕನ್ನಡಕವನ್ನು ಕಣ್ಣಿನ ಮುಂದೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಒಂದು ಸ್ಥಾನದಲ್ಲಿ ಆಕಾಶ ಮಂಕಾಗಿ ಚಂದ್ರ ಎದ್ದು ಕಾಣುತ್ತಾನೆ. ಎಚ್ಚರಿಕೆ, ಸೂರ್ಯನ ಕಡೆ ಮಾತ್ರ ಯಾವ ಕನ್ನಡಕದಿಂದಲೂ ನೋಡಬಾರದು. ಮೊಮ್ಮಕ್ಕಳ ಮುಂದೆ ಮಾಡಿ ತೋರಿಸಿ, ಒಂದು ವಾರದ ಮಟ್ಟಿಗಾದರೂ ಅಜ್ಜನ ಬೆಲೆ ಏರುತ್ತದೆ.

ನಮ್ಮ ಊರಿನ ಒಂದು ತೊಡಕನ್ನೂ ಹೇಳಬೇಕು. ಧೂಳು, ಹೊಗೆ, ತೇವದ ಹನಿಗಳು ಗಾಳಿಯ ಅಣುಗಳಂತಲ್ಲ; ಅವು ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮನೆ ಚೆದರಿಸುತ್ತವೆ. ಆಗ ಆಕಾಶ ನೀಲಿಯಲ್ಲ, ಕಲಗಚ್ಚಿನ ಬಿಳುಪು. ಸೊಳ್ಳೆಪರದೆ ದಪ್ಪವಾದಂತೆ, ಹಿಂದಿನ ದೀಪ ಕಾಣದು. ಚಳಿಗಾಲದ ಎಷ್ಟೋ ಬೆಳಿಗ್ಗೆ ಚೆಂಬೂರಿನಲ್ಲೋ ಸಯನ್ನಿನಲ್ಲೋ ಹಗಲು ಚಂದ್ರ ಮರೆಯಾಗುವುದು ಹೀಗೆ. ಮಳೆ ಬಂದು ಗಾಳಿಯನ್ನು ತೊಳೆದ ಮರುದಿನ ನೋಡಿ, ಬೇರೆಯೇ ಚಂದ್ರ.

ಕಾಣಲಿ ಕಾಣದಿರಲಿ, ಅವನ ಕೆಲಸ ಹಗಲಿನಲ್ಲಿ ನಿಲ್ಲುವುದಿಲ್ಲ. ಸಮುದ್ರದ ಉಬ್ಬರವಿಳಿತಕ್ಕೆ ಮುಖ್ಯ ಕಾರಣ ಅವನ ಸೆಳೆತವಷ್ಟೆ. ಪ್ರತಿಯೊಂದು ಬಂದರಿಗೂ ಕಡಲಿನ ಆಕಾರ, ಆಳಗಳಿಗೆ ತಕ್ಕ ಹೊತ್ತು ಬೇರೆಬೇರೆ. ಮುಂಬಯಿಯಲ್ಲಿ ಅದೃಷ್ಟವಶಾತ್ ನೆನಪಿಡಲು ಸುಲಭವಾದ ಕ್ರಮವಿದೆ: ಚಂದ್ರ ನೆತ್ತಿಯ ಸುಮಾರಿಗೆ ಬಂದಾಗ, ಒಂದೆರಡು ಗಂಟೆಯ ಆಚೀಚೆ, ಭರತ, ಅವನು ಮೂಡುವ ಮುಳುಗುವ ಹೊತ್ತಿಗೆ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ನಡುಹಗಲು ನಡುರಾತ್ರಿಗಳ ಸುಮಾರಿಗೆ ನೀರು ಏರುತ್ತದೆ. ಆಗ ಹಾಜಿ ಅಲಿಯ ಕಾಲುದಾರಿ ನೀರಿನಲ್ಲಿ ಮುಳುಗಿ ಯಾತ್ರಿಕರು ಕಾಯುತ್ತ ನಿಲ್ಲುತ್ತಾರೆ. ಅಷ್ಟಮಿಯ ನಡುಹಗಲಿನಲ್ಲಿ ಹೋದರೆ ದಾರಿ ತೆರೆದಿರುತ್ತದೆ. ಇಲ್ಲಿಯ ಕೋಳಿ ಜನ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ಉಧಾಣ ಎಂದೂ ಅಷ್ಟಮಿಯ ಸುಮಾರಿನ ಸಣ್ಣ ಭರತಕ್ಕೆ ಭಾಂಗ ಎಂದೂ ಹೆಸರಿಟ್ಟಿದ್ದಾರೆ. ನಮ್ಮ ಮೊಗವೀರ ಬಂಧುಗಳಿಗೆ ಇದನ್ನೆಲ್ಲ ನಾನು ಹೇಳಹೊರಟರೆ ಮೀನಿಗೆ ಈಜು ಕಲಿಸಿದಂತಾದೀತು. ಬಿಸಿಲಿನಲ್ಲಿ ಚಂದ್ರನನ್ನು ನೋಡುವ ಅಭ್ಯಾಸ ಕಡಲಿನ ಮೇಲೆ ಬದುಕುವವರಿಗೆ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ನಮ್ಮಂಥ ಕಚೇರಿಯವರಿಗೆ.

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇನೆ. 2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಬೆಂಗಳೂರಿನ ಇಸ್ರೋ ಕೇಂದ್ರದಿಂದ ನೋಡಿಕೊಳ್ಳುತ್ತಿದ್ದ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲವನ್ನು ಮುಟ್ಟಿತು. ನಮ್ಮ ಚಾಳಿನ ಮನೆಗಳಲ್ಲೆಲ್ಲ ಟೆಲಿವಿಷನ್ ಮುಂದೆ ಜನ. ಚಪ್ಪಾಳೆ, ಕಣ್ಣೀರು, ಪೇಢೆ. ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ಪಂಚಾಂಗ ತೆಗೆದು ನೋಡಿದೆ: ಶ್ರಾವಣ ಶುಕ್ಲ ಸಪ್ತಮಿ. ಅಂದರೆ ಆ ಹೊತ್ತಿಗೆ ಚಂದ್ರ ಸುಮಾರಾಗಿ ನೇರ ದಕ್ಷಿಣದಲ್ಲಿ, ಆಕಾಶದ ಅರ್ಧ ಎತ್ತರದಲ್ಲಿ ಇದ್ದಾನೆ. ಮುಂಬಯಿಯಲ್ಲಿ ಸೂರ್ಯ ಮುಳುಗಲು ಇನ್ನೂ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತಿದೆ! ನಮಗೆ ಹಗಲು, ನೌಕೆ ಇಳಿದ ಜಾಗದಲ್ಲೂ ಹಗಲು. ಸೂರ್ಯನ ಬೆಳಕಿನಿಂದಲೇ ನಡೆಯಬೇಕಾದ ಯಂತ್ರವಾದ್ದರಿಂದ ಅಲ್ಲಿ ಬೆಳಗಾದ ಮೇಲೆಯೇ ಅದನ್ನು ಇಳಿಸುವ ಲೆಕ್ಕ ಹಾಕಿದ್ದರು. ಇಡೀ ಊರು ಪೆಟ್ಟಿಗೆಯೊಳಗಿನ ಚಂದ್ರನನ್ನು ನೋಡುತ್ತಿದ್ದಾಗ ನಿಜವಾದ ಚಂದ್ರ ಬಿಸಿಲಿನಲ್ಲಿ ನಮ್ಮ ಮಾಳಿಗೆಯ ಮೇಲೆಯೇ ನಿಂತಿದ್ದ. ನಾನು ಕೋಲೂರಿಕೊಂಡು ಗಚ್ಚಿಗೆ ಹೋಗಿ ನೋಡಿದೆ. ಶ್ರಾವಣದ ಮೋಡ; ಏನೂ ಕಾಣಲಿಲ್ಲ. ಇದ್ದಾನೆಂದು ಗೊತ್ತಿತ್ತು.

ಆ ಹುಡುಗ ಎಲ್ಲಿದ್ದಾನೋ. ಇದ್ದರೆ ಈಗ ಎಪ್ಪತ್ತರ ಸುಮಾರಿನ ಯಜಮಾನ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ದಿನಾ ಅಲ್ಲ, ಕೆಲವು ದಿನ, ಎಂಟು ಗಂಟೆಗೂ. ಕೃಷ್ಣಪಕ್ಷದ ಮೊದಲ ವಾರದ ವರ್ಣನೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಪುಸ್ತಕವೂ ಮಾಡಲಾರದು.

ತಾವು ನೋಡಬೇಕೆಂದಿದ್ದರೆ ದಿನ ಹೇಳುತ್ತೇನೆ. ಸಂಕಷ್ಟಿಯ ರಾತ್ರಿ ಚಂದ್ರೋದಯಕ್ಕೆ ಕಾದು ಊಟ ಮಾಡುವ ಮನೆಗಳು ನಮ್ಮಲ್ಲಿ ಬಹಳ. ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಪಶ್ಚಿಮದ ಕಡೆ ನೋಡಿ. ರಾತ್ರಿ ಅರ್ಘ್ಯ ಕೊಟ್ಟ ಆ ಚಂದ್ರನೇ ಇನ್ನೂ ಅಲ್ಲಿರುತ್ತಾನೆ. ಮೋಡವಿದ್ದರೆ ಅದರ ಮರುದಿನ ನೋಡಬಹುದು, ಆಗ ಇನ್ನೂ ಐವತ್ತು ನಿಮಿಷ ಹೆಚ್ಚು ಹೊತ್ತು ಸಿಕ್ಕುತ್ತಾನೆ. ಬೆಳಿಗ್ಗೆ ಬಿಡುವಿಲ್ಲದವರು ಶುಕ್ಲ ಅಷ್ಟಮಿಯ ಸಂಜೆ ನಾಲ್ಕಕ್ಕೆ ಪೂರ್ವದ ಕಡೆ, ಮನೆ ಎಲ್ಲಿದ್ದರೂ ಸರಿ.